ಅವಸರದ ದುಡ್ಡು, ಅರೆಬೆಂದ ಸಿನಿಮಾ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ಚೆನ್ನಾಗಿಲ್ಲ ಅಂದರೆ ಬೈಗುಳ ಬೀಳುವುದು ನಿರ್ದೇಶಕರಿಗೆ. ಎಷ್ಟೋ ಸಲ ಅದು ನ್ಯಾಯವೇ. ಇನ್ನೆಷ್ಟೋ ಸಲ ಸಿನಿಮಾ ಕೆಟ್ಟಿರುವುದು ಸೆಟ್ಟಿನಿಂದ ಬಹಳ ದೂರ, ಲೆಕ್ಕ ಬರೆಯುವವರ ಕೋಣೆಯಲ್ಲಿ. ಆ ಕೋಣೆಯ ಬಗ್ಗೆ ಜನ ಕೇಳುವ ಪ್ರಶ್ನೆಗಳು ಇವು.

ಅಲ್ಪಾವಧಿ ವ್ಯಾಪಾರದ ಒತ್ತಡ ಅಂದರೆ ಏನು? ಸಿನಿಮಾ ಅಂದ್ರೆ ವ್ಯಾಪಾರವೇ ಅಲ್ವಾ?

ಹೌದು, ವ್ಯಾಪಾರವೇ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಹಾಕಿದ ದುಡ್ಡು ವಾಪಸ್ ಬರದಿದ್ದರೆ ಮುಂದಿನ ಸಿನಿಮಾ ಆಗುವುದಿಲ್ಲ. ತಕರಾರು ಇರುವುದು ಅದು ಯಾವಾಗ ವಾಪಸ್ ಬರಬೇಕು ಅನ್ನುವುದರಲ್ಲಿ.

ಒಂದು ಸಿನಿಮಾ ಮೂವತ್ತು ನಲವತ್ತು ವರ್ಷ ದುಡಿಯಬಹುದು. ಆದರೆ ಅದರ ಹಣೆಬರಹ ತೀರ್ಮಾನ ಆಗುವುದು ಮೊದಲ ಮೂರು ದಿನದ ಕಲೆಕ್ಷನ್ ನೋಡಿ. ಸಾಲ ತಂದವರಿಗೆ ಬಡ್ಡಿ ದಿನಾ ಬೆಳೆಯುತ್ತದೆ. ಕಂಪನಿ ಷೇರು ಮಾರುಕಟ್ಟೆಯಲ್ಲಿದ್ದರೆ ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಈ ತಿಂಗಳ ಲೆಕ್ಕ ಸರಿಮಾಡುವುದಕ್ಕೆ ಸಿನಿಮಾಗೆ ಬೇಕಾದ ಕೆಲಸವನ್ನು ಕತ್ತರಿಸುತ್ತಾರಲ್ಲ, ಅದು ಅಲ್ಪಾವಧಿ ಒತ್ತಡ.

ಈ ಮೂರು ದಿನದ ಲೆಕ್ಕ ಎಷ್ಟು ತಪ್ಪಬಹುದು ಅನ್ನುವುದಕ್ಕೆ ಉದಾಹರಣೆ ಬೇಕಾದಷ್ಟಿದೆ. 1946ರ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ ಥಿಯೇಟರಿನಲ್ಲಿ ನಿರೀಕ್ಷೆಯಷ್ಟು ಗಳಿಸಲಿಲ್ಲ. 1974ರಲ್ಲಿ ಅದರ ಹಕ್ಕುಸ್ವಾಮ್ಯ ನವೀಕರಿಸುವುದನ್ನೇ ಮರೆತರು. ಟಿವಿ ಚಾನೆಲ್‌ಗಳು ಪ್ರತಿ ಡಿಸೆಂಬರ್‌ನಲ್ಲಿ ಪುಕ್ಕಟೆ ಹಾಕತೊಡಗಿದವು. ಜನ ಆಗ ನೋಡಿ ಮೆಚ್ಚಿದರು. 1994ರ ‘ದ ಶಾಶ್ಯಾಂಕ್ ರಿಡೆಂಪ್ಶನ್’ ಕೂಡ ಮೊದಲ ಸುತ್ತಿನಲ್ಲಿ ಸೋತು, ಆಮೇಲೆ ವಿಡಿಯೊ ಕ್ಯಾಸೆಟ್ ಮತ್ತು ಟಿವಿಯಲ್ಲಿ ಗೆದ್ದಿತು.

ಸಿನಿಮಾ ಮುಗಿಯುವ ಮೊದಲೇ ರಿಲೀಸ್ ಡೇಟ್ ಯಾಕೆ ಘೋಷಿಸುತ್ತಾರೆ?

ರಜೆಯ ವಾರಗಳು ವರ್ಷಕ್ಕೆ ಕೆಲವೇ. ಬೇರೆಯವರು ಹಿಡಿಯುವ ಮೊದಲು ಹಿಡಿದಿಡಬೇಕು. ಒಮ್ಮೆ ಡೇಟ್ ಹೇಳಿದ ಮೇಲೆ ಅದರ ಬೆನ್ನಿಗೆ ಜಾಹೀರಾತು, ಬ್ರ್ಯಾಂಡ್ ಒಪ್ಪಂದ, ಥಿಯೇಟರ್ ಬುಕಿಂಗ್, ಆಟಿಕೆ ಕಂಪನಿ ಎಲ್ಲವೂ ಗಂಟು ಬೀಳುತ್ತವೆ. ಆಮೇಲೆ ಒಂದು ವಾರ ಸರಿಸಬೇಕೆಂದರೂ ಹತ್ತು ಕಡೆ ದಂಡ ತೆರಬೇಕು.

ಇದು ಅನಾದಿ ಕಾಲದ ಪದ್ಧತಿಯಲ್ಲ. 1975ರಲ್ಲಿ ‘ಜಾಸ್’ ಸಿನಿಮಾವನ್ನು ಟಿವಿಯಲ್ಲಿ ಜೋರಾಗಿ ಜಾಹೀರಾತು ಹಾಕಿ, ಅಮೆರಿಕದ 400ಕ್ಕೂ ಹೆಚ್ಚು ಚಿತ್ರಮಂದಿರಗಳಲ್ಲಿ ಒಟ್ಟಿಗೆ ಬಿಟ್ಟರು. ಅದಕ್ಕೂ ಮುಂಚೆ ದೊಡ್ಡ ಸಿನಿಮಾಗಳು ಸಾಮಾನ್ಯವಾಗಿ ಕೆಲವೇ ನಗರಗಳಲ್ಲಿ ಶುರುವಾಗಿ, ಬಾಯಿಂದ ಬಾಯಿಗೆ ಸುದ್ದಿ ಹರಡಿದಂತೆ ಊರೂರಿಗೆ ಹೋಗುತ್ತಿದ್ದವು. ‘ಜಾಸ್’ ಗೆದ್ದ ರೀತಿ ನೋಡಿ ಎಲ್ಲರೂ ಅದನ್ನೇ ಹಿಡಿದರು. ಜೊತೆಗೆ ಅಮೆರಿಕದಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕದಲ್ಲಿ ಮೊದಲ ವಾರಗಳ ಟಿಕೆಟ್ ಹಣದ ದೊಡ್ಡ ಪಾಲು ಸ್ಟುಡಿಯೊಗೆ, ವಾರ ಕಳೆದಂತೆ ಥಿಯೇಟರಿನವರಿಗೆ ಜಾಸ್ತಿ. ನಿಧಾನವಾಗಿ ಓಡುವ ಸಿನಿಮಾ ಯಾರಿಗೆ ಬೇಕು ಹೇಳಿ?

ಅವಸರ ಆದಾಗ ಮೊದಲು ಹಾಳಾಗುವುದು ಯಾವುದು?

ಚಿತ್ರಕಥೆ. ಶೂಟಿಂಗ್ ನಿಂತರೆ ದಿನಕ್ಕಿಷ್ಟು ನಷ್ಟ ಅಂತ ತಕ್ಷಣ ಲೆಕ್ಕ ಸಿಗುತ್ತದೆ. ಬರಹಗಾರರಿಗೆ ಇನ್ನೆರಡು ತಿಂಗಳು ಕೊಡದೇ ಹೋದ ನಷ್ಟಕ್ಕೆ ಯಾವ ಕಾಲಮ್ಮೂ ಇಲ್ಲ. ಹಾಗಾಗಿ ಕತ್ತರಿ ಮೊದಲು ಅಲ್ಲಿಗೇ ಬೀಳುತ್ತದೆ. 2007ರ ನವೆಂಬರ್‌ನಿಂದ 2008ರ ಫೆಬ್ರವರಿವರೆಗೆ ಹಾಲಿವುಡ್ ಬರಹಗಾರರು ಮುಷ್ಕರ ಹೂಡಿದ್ದರು. ‘ಕ್ವಾಂಟಮ್ ಆಫ್ ಸೊಲೇಸ್’ಗೆ ಡೇಟ್ ನಿಗದಿಯಾಗಿತ್ತು, ಸ್ಕ್ರಿಪ್ಟ್ ಮಾತ್ರ ಮುಗಿದಿರಲಿಲ್ಲ. ಸೆಟ್ಟಿನಲ್ಲಿ ತಾನೂ ನಿರ್ದೇಶಕರೂ ಕೂತು ದೃಶ್ಯಗಳನ್ನು ತಿದ್ದಿ ಬರೆಯಬೇಕಾಯಿತು ಎಂದು ಬಾಂಡ್ ಪಾತ್ರಧಾರಿ ಡೇನಿಯಲ್ ಕ್ರೇಗ್ ಆಮೇಲೆ ಹೇಳಿಕೊಂಡರು.

ಎರಡನೆಯದು ಸೆಟ್ಟಿನಲ್ಲಿ ಆಗುವ ನಷ್ಟ. ಇದು ಕಣ್ಣಿಗೆ ಬೀಳುವುದೇ ಇಲ್ಲ. ಸಂಜೆ ಐದೂವರೆ ಅಂದುಕೊಳ್ಳಿ. ಬೆಳಕು ಹೋಗಲು ಅರ್ಧ ಗಂಟೆ ಇದೆ. ಅಪ್ಪ ಮಗಳ ಜಗಳದ ದೃಶ್ಯ. ಮಾತಾಡುವ ಅಪ್ಪನ ಕ್ಲೋಸಪ್ ಆಗಿದೆ, ಇಬ್ಬರನ್ನೂ ಸೇರಿಸಿದ ವೈಡ್ ಶಾಟ್ ಆಗಿದೆ. ಉಳಿದಿರುವುದು ಸುಮ್ನೆ ಕೇಳಿಸಿಕೊಳ್ಳುತ್ತಿರುವ ಮಗಳ ಮುಖ. ಲೈಟ್ ತಿರುಗಿಸಿ ಕ್ಯಾಮೆರಾ ಆ ಕಡೆ ಇಡಲು ನಲವತ್ತು ನಿಮಿಷ ಬೇಕು. ನಾಳೆ ಈ ಲೊಕೇಶನ್ ಸಿಗುವುದಿಲ್ಲ. “ಬಿಡಿ ಸಾರ್, ಅವಳಿಗೆ ಡೈಲಾಗೇ ಇಲ್ಲವಲ್ಲ” ಅನ್ನುತ್ತಾರೆ ಮ್ಯಾನೇಜರ್. ಪ್ಯಾಕಪ್.

ಮೂರು ತಿಂಗಳಾದ ಮೇಲೆ ಎಡಿಟರ್ ಕೂತು ನೋಡಿದರೆ ಅಪ್ಪನ ಮಾತು ಉದ್ದ ಆಗಿದೆ. ಎರಡು ಸಾಲು ತೆಗೆಯಬೇಕು. ತೆಗೆಯಬೇಕಾದರೆ ನಡುವೆ ಬೇರೆ ಮುಖಕ್ಕೆ ಹೋಗಬೇಕು. ಆ ಮುಖ ಇಲ್ಲ. ಹಾಗಾಗಿ ಮಾತು ಪೂರ್ತಿ ಉಳಿಯುತ್ತದೆ, ದೃಶ್ಯ ಎಳೆಯುತ್ತದೆ. ನೋಡಿದವರು “ಓವರ್ ಆ್ಯಕ್ಟಿಂಗ್” ಅಂತಾರೆ. ಪಾಪ, ನಟನ ತಪ್ಪೇನೂ ಇಲ್ಲ.

ಮೂರನೆಯದು ಶಬ್ದ. ಸೌಂಡ್ ಮಿಕ್ಸಿಂಗ್ ಸರದಿಯಲ್ಲಿ ಕೊನೆಯ ಕೆಲಸ. ಮುಂಚಿನವರು ಮಾಡಿದ ತಡವೆಲ್ಲ ಇವರ ತಲೆಗೇ ಬರುತ್ತದೆ. ಸಂಗೀತದ ಅಬ್ಬರದಲ್ಲಿ ಮಾತು ಕೇಳಿಸದ ಸಿನಿಮಾ ನೋಡಿದ್ದೀರಲ್ಲ? ಅದರಲ್ಲಿ ಕೆಲವು ಬೇಕಂತಲೇ ಮಾಡಿದವು. ಉಳಿದವು ಟೈಮ್ ಸಿಗದೆ ಹಾಗಾದವು.

ಮೇಲಿನವರ ಭಯದಿಂದ ಸಿನಿಮಾ ಹಾಳಾಯಿತು ಅನ್ನುವುದಕ್ಕೆ ಒಂದು ಗಟ್ಟಿ ಉದಾಹರಣೆ ಕೊಡಿ.

ನಿರ್ದೇಶಕ ಆರ್ಸನ್ ವೆಲ್ಸ್ ಅವರ ‘ದ ಮ್ಯಾಗ್ನಿಫಿಸೆಂಟ್ ಆಂಬರ್ಸನ್ಸ್’. ಇಷ್ಟು ಚೆನ್ನಾಗಿ ದಾಖಲಾದ ಪ್ರಕರಣ ಇನ್ನೊಂದು ಸಿಗುವುದು ಕಷ್ಟ.

1941ರಲ್ಲಿ ತೆರೆಗೆ ಬಂದ ‘ಸಿಟಿಜನ್ ಕೇನ್’ ಮಾಡುವಾಗ ಅಂತಿಮ ಎಡಿಟಿಂಗ್ ಹಕ್ಕು ವೆಲ್ಸ್ ಕೈಯಲ್ಲಿತ್ತು. ಆ ಸಿನಿಮಾಗೆ ಹೊಗಳಿಕೆ ಬಂತು, ದುಡ್ಡು ಬರಲಿಲ್ಲ. ಮುಂದಿನ ಸಿನಿಮಾದ ಒಪ್ಪಂದದಲ್ಲಿ ಅವರು ಆ ಹಕ್ಕು ಬಿಟ್ಟುಕೊಡಬೇಕಾಯಿತು. ‘ಆಂಬರ್ಸನ್ಸ್’ ಶೂಟಿಂಗ್ ಮುಗಿಸಿ ವೆಲ್ಸ್ ಇನ್ನೊಂದು ಚಿತ್ರಕ್ಕಾಗಿ ಬ್ರೆಜಿಲ್‌ಗೆ ಹೋದರು. 1942ರ ಮಾರ್ಚ್‌ನಲ್ಲಿ ಆರ್‌ಕೆಓ ಸ್ಟುಡಿಯೊ ಕ್ಯಾಲಿಫೋರ್ನಿಯಾದ ಪೊಮೋನಾ ಪಟ್ಟಣದಲ್ಲಿ ಪ್ರಿವ್ಯೂ ಹಾಕಿತು, ಅಂದರೆ ಬಿಡುಗಡೆಗೆ ಮುಂಚೆ ಜನರಿಗೆ ತೋರಿಸಿ ನೋಡಿತು. ಪ್ರೇಕ್ಷಕರು ಗೇಲಿ ಮಾಡಿದರು. ಮೆಚ್ಚಿ ಬರೆದವರೂ ಇದ್ದರು, ಪಾಸಡೀನಾದ ಎರಡನೇ ಪ್ರಿವ್ಯೂ ಮೊದಲಿನದಕ್ಕಿಂತ ವಾಸಿಯಾಗಿತ್ತು. ಆದರೆ ಹೆದರಿದವರ ಕಿವಿಗೆ ಬೀಳುವುದು ಗೇಲಿಯೊಂದೇ.

40 ನಿಮಿಷಕ್ಕೂ ಹೆಚ್ಚು ಭಾಗವನ್ನು ಕತ್ತರಿಸಿದರು. ವೆಲ್ಸ್ ಬ್ರೆಜಿಲ್‌ನಿಂದ ಟೆಲಿಗ್ರಾಂ ಮೇಲೆ ಟೆಲಿಗ್ರಾಂ ಕಳಿಸುತ್ತಿದ್ದರೆ ಇಲ್ಲಿ ಬೇರೆಯವರಿಂದ ಸುಖಾಂತ್ಯ ಶೂಟ್ ಮಾಡಿಸಿ ಅಂಟಿಸಿದರು. ಸಂಗೀತ ನಿರ್ದೇಶಕ ಬರ್ನರ್ಡ್ ಹರ್ಮನ್ ಸಿಟ್ಟಿನಿಂದ ತಮ್ಮ ಹೆಸರನ್ನೇ ತೆಗೆಸಿದರು. ಜುಲೈನಲ್ಲಿ ಬಿಡುಗಡೆಯಾದಾಗ ಉಳಿದಿದ್ದು 88 ನಿಮಿಷ. ಇಷ್ಟೆಲ್ಲ ಮಾಡಿಯೂ ನಷ್ಟ ತಪ್ಪಲಿಲ್ಲ. ಕತ್ತರಿಸಿದ ನೆಗೆಟಿವ್ ಅನ್ನು ಆಮೇಲೆ ಗೋದಾಮಿನಲ್ಲಿ ಜಾಗ ಬೇಕೆಂದು ನಾಶ ಮಾಡಿದರು. ಕೆಲವು ತಿಂಗಳ ಲೆಕ್ಕಕ್ಕಾಗಿ ಮಾಡಿದ ಈ ಕೆಲಸವನ್ನು ಎಂಟು ದಶಕ ಕಳೆದರೂ ಯಾರಿಂದಲೂ ಸರಿಪಡಿಸಲು ಆಗಿಲ್ಲ.

ಆದರೆ ದುಡ್ಡು ಕಮ್ಮಿ, ಟೈಮ್ ಕಮ್ಮಿ ಇದ್ದರೂ ಒಳ್ಳೆಯ ಸಿನಿಮಾ ಬಂದಿವೆಯಲ್ಲ?

ಬಂದಿವೆ. ಈ ಪ್ರಶ್ನೆ ಕೇಳಿದರೆ ನನಗೆ ಖುಷಿ. ಉತ್ತರ ಹುಡುಕಲು ಬೇರೆ ಕಡೆ ಹೋಗಬೇಕಿಲ್ಲ, ಅದೇ ಆರ್‌ಕೆಓ, ಅದೇ 1942.

ವೆಲ್ಸ್ ತಂಡವನ್ನು ಹೊರಗೆ ಹಾಕಿದ ಸ್ಟುಡಿಯೊ ಅಗ್ಗದ ಭಯಾನಕ ಚಿತ್ರಗಳ ಒಂದು ಘಟಕ ತೆರೆಯಿತು. ಅದರ ಹೊಣೆ ನಿರ್ಮಾಪಕ ವಾಲ್ ಲ್ಯೂಟನ್‌ಗೆ. ಷರತ್ತುಗಳು ಕಟುವಾಗಿದ್ದವು. ಪ್ರತಿ ಚಿತ್ರಕ್ಕೆ ಒಂದೂವರೆ ಲಕ್ಷ ಡಾಲರ್ ಮೀರಬಾರದು. 75 ನಿಮಿಷ ದಾಟಬಾರದು. ಟೈಟಲ್ ಕೂಡ ಮೇಲಿನವರೇ ಕೊಡುತ್ತಾರೆ. ಮೊದಲು ಕೊಟ್ಟ ಟೈಟಲ್ ‘ಕ್ಯಾಟ್ ಪೀಪಲ್’. ಕೇಳಿದರೆ ನಗು ಬರುವ ಹೆಸರು.

ಲ್ಯೂಟನ್ ಮತ್ತು ನಿರ್ದೇಶಕ ಜಾಕ್ ಟೂರ್ನರ್ ಮಾಡಿದ್ದೇನು ಗೊತ್ತಾ? ಮೃಗವನ್ನು ಆದಷ್ಟು ತೋರಿಸದೇ ಉಳಿಸಿದರು. ಒಂದು ದೃಶ್ಯದಲ್ಲಿ ರಾತ್ರಿ ಒಬ್ಬಳೇ ಹೆಂಗಸು ರಸ್ತೆಯಲ್ಲಿ ನಡೆದು ಬರುತ್ತಾಳೆ. ದೀಪದ ಕಂಬ, ಕತ್ತಲು, ಮತ್ತೆ ದೀಪದ ಕಂಬ. ಹಿಂದೆ ಇನ್ನೊಂದು ಜೋಡಿ ಹೆಜ್ಜೆಯ ಸದ್ದು. ಆ ಸದ್ದು ತಟ್ಟನೆ ನಿಲ್ಲುತ್ತದೆ. ಅವಳು ತಿರುಗಿ ನೋಡುತ್ತಾಳೆ, ಓಡುತ್ತಾಳೆ. ಬುಸ್ಸೆಂದು ಸದ್ದು ಮಾಡುತ್ತಾ ಏನೋ ಪರದೆಗೆ ನುಗ್ಗುತ್ತದೆ. ನೋಡಿದರೆ ಬ್ರೇಕ್ ಹಾಕಿ ನಿಂತ ಬಸ್ಸು! ಇವತ್ತಿಗೂ ಸಿನಿಮಾದವರು ಈ ತಂತ್ರವನ್ನು ‘ಲ್ಯೂಟನ್ ಬಸ್’ ಅಂತಲೇ ಕರೆಯುತ್ತಾರೆ. ಸಿನಿಮಾ ಭರ್ಜರಿ ಗೆದ್ದಿತು. ಇನ್ನೊಂದು ತಮಾಷೆ ಇದೆ: ಅದರಲ್ಲಿ ಕಾಣುವ ದೊಡ್ಡ ಮೆಟ್ಟಿಲು ‘ಆಂಬರ್ಸನ್ಸ್’ ಸೆಟ್ಟಿನದು. ಹೊಸದು ಕಟ್ಟಲು ದುಡ್ಡೆಲ್ಲಿತ್ತು?

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಲ್ಯೂಟನ್‌ಗೆ ಮೊದಲ ದಿನವೇ ಗೆರೆ ಎಳೆದು ಕೊಟ್ಟರು, ಒಳಗೆ ಏನು ಬೇಕಾದರೂ ಮಾಡಿಕೋ ಅಂತ ಬಿಟ್ಟರು. ವೆಲ್ಸ್‌ಗೆ ಶೂಟಿಂಗ್‌ನಲ್ಲಿ ಬೇಕಾದ್ದೆಲ್ಲ ಕೊಟ್ಟು, ಮುಗಿದ ಮೇಲೆ ಗೆರೆ ಎಳೆದರು. ಮೊದಲೇ ಹೇಳಿದ ಮಿತಿಯನ್ನು ಕಥೆಯೊಳಗೆ ಸೇರಿಸಿಕೊಳ್ಳಬಹುದು. ಕೊನೆಯಲ್ಲಿ ಬಂದ ಆಜ್ಞೆಗೆ ತೇಪೆ ಹಾಕುವುದು ಬಿಟ್ಟು ಬೇರೆ ದಾರಿಯಿಲ್ಲ. ಒತ್ತಡ ಎಷ್ಟಿತ್ತು ಅನ್ನುವುದಕ್ಕಿಂತ ಅದು ಯಾವ ಹಂತದಲ್ಲಿ ಬಂತು ಅನ್ನುವುದೇ ಮುಖ್ಯ. ಈ ಪುಟದಲ್ಲಿ ನಾನು ಹೇಳಬೇಕೆಂದಿರುವುದು ಹೆಚ್ಚುಕಮ್ಮಿ ಇಷ್ಟೇ.

ಹಾಗಾದರೆ ದುಡ್ಡಿಲ್ಲದೆ ವರ್ಷಗಟ್ಟಲೆ ನಿಂತುಹೋಗುವ ಸಿನಿಮಾಗಳು?

ಅದು ಬೇರೆಯೇ ಕಷ್ಟ. ‘ಪಥೇರ್ ಪಾಂಚಾಲಿ’ 1952ರಲ್ಲಿ ಶುರುವಾಗಿ, ದುಡ್ಡು ಸಿಕ್ಕಾಗ ಶೂಟಿಂಗ್, ಮುಗಿದಾಗ ನಿಲ್ಲಿಸುವುದು ಅಂತ ನಡೆದು, ಕೊನೆಗೆ ಪಶ್ಚಿಮ ಬಂಗಾಳ ಸರ್ಕಾರದ ಹಣದಿಂದ 1955ರಲ್ಲಿ ತೆರೆಗೆ ಬಂತು. ಅಷ್ಟರಲ್ಲಿ ಹುಡುಗನ ದನಿ ಒಡೆಯಲಿಲ್ಲ, ಹುಡುಗಿ ದೊಡ್ಡವಳಾಗಲಿಲ್ಲ, ಮುದುಕಿ ಪಾತ್ರದ ಚುನಿಬಾಲಾ ದೇವಿ ತೀರಿಕೊಳ್ಳಲಿಲ್ಲ, ಇವು ಮೂರು ಪವಾಡ ಎಂದು ಸತ್ಯಜಿತ್ ರೇ ಹೇಳುತ್ತಿದ್ದರು. ದುಡ್ಡಿನ ಬರ ಅವರನ್ನು ಹಿಂಡಿತು ನಿಜ, ಆದರೆ ಕಥೆಯನ್ನು ಬದಲಿಸು ಅಂತ ಹಟ ಹಿಡಿದು ಗೆಲ್ಲುವ ಶಕ್ತಿ ಯಾರಿಗೂ ಇರಲಿಲ್ಲ.

ಟೆಸ್ಟ್ ಸ್ಕ್ರೀನಿಂಗ್ ಮಾಡುವುದೇ ತಪ್ಪಾ?

ಇಲ್ಲ. ಬಿಡುಗಡೆಗೆ ಮುಂಚೆ ಪ್ರೇಕ್ಷಕರ ಜೊತೆ ಕೂತು ನೋಡಿದರೆ ಎಲ್ಲಿ ಬೋರ್ ಆಗುತ್ತಿದೆ, ಎಲ್ಲಿ ಗೊಂದಲ ಇದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ. ಅದಕ್ಕೆ ಪರಿಹಾರ ಏನು ಅಂತ ಪ್ರೇಕ್ಷಕರನ್ನೇ ಕೇಳಿದರೆ ಮಾತ್ರ ಎಡವಟ್ಟು.

1982ರ ‘ಬ್ಲೇಡ್ ರನ್ನರ್’ ಟೆಸ್ಟ್‌ನಲ್ಲಿ ಜನರಿಗೆ ಅರ್ಥವಾಗಲಿಲ್ಲ. ನಾಯಕನ ದನಿಯಲ್ಲಿ ವಿವರಣೆ ತುಂಬಿದರು. ಸುಖಾಂತ್ಯ ಬೇಕೆಂದು, ಇನ್ನೊಬ್ಬ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ತಮ್ಮ ‘ದ ಶೈನಿಂಗ್’ಗಾಗಿ ತೆಗೆಸಿ ಬಳಸದೇ ಬಿಟ್ಟಿದ್ದ ಬೆಟ್ಟಗುಡ್ಡಗಳ ದೃಶ್ಯ ತಂದು ಜೋಡಿಸಿದರು. 1992ರ ಆವೃತ್ತಿಯಲ್ಲಿ ಎರಡನ್ನೂ ಕಿತ್ತುಹಾಕಲಾಯಿತು. ಇವತ್ತು ಜನ ಮೆಚ್ಚಿ ನೋಡುವುದು ಹೀಗೆ ಕಿತ್ತುಹಾಕಿದ ಆವೃತ್ತಿಗಳನ್ನೇ. ಇನ್ನೊಂದು ಕಡೆ, 1987ರ ‘ಫೇಟಲ್ ಅಟ್ರ್ಯಾಕ್ಷನ್’ ಕ್ಲೈಮ್ಯಾಕ್ಸ್ ಕೂಡ ಟೆಸ್ಟ್ ಆದ ಮೇಲೆ ಬದಲಾಗಿದ್ದು, ಅದು ಸೂಪರ್ ಹಿಟ್. ಕಲೆಯ ಲೆಕ್ಕದಲ್ಲಿ ಯಾವ ಕ್ಲೈಮ್ಯಾಕ್ಸ್ ವಾಸಿ ಅಂತ ಜಗಳ ಇನ್ನೂ ನಡೆಯುತ್ತಿದೆ.

ನಿರ್ದೇಶಕರಿಗೆ ಪೂರ್ತಿ ಬಿಟ್ಟುಬಿಟ್ಟರೆ ಸರಿಹೋಗುತ್ತದಾ?

ಹಾಗೆ ಬಿಟ್ಟು ಕೈಸುಟ್ಟುಕೊಂಡವರ ಕಥೆಯೂ ಇದೆ. 1980ರ ‘ಹೆವನ್ಸ್ ಗೇಟ್’ ಖರ್ಚು ಮೊದಲ ಅಂದಾಜಿನ ಹಲವು ಪಟ್ಟು ಬೆಳೆದು ಸುಮಾರು 4 ಕೋಟಿ 40 ಲಕ್ಷ ಡಾಲರ್ ತಲುಪಿತು. ಗಳಿಕೆ ಅದರ ಹತ್ತನೇ ಒಂದು ಭಾಗವೂ ಇಲ್ಲ. ಮರುವರ್ಷ ಅದಕ್ಕೆ ದುಡ್ಡು ಹಾಕಿದ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯೇ ಎಂಜಿಎಂ ಎಂಬ ಇನ್ನೊಂದು ಸ್ಟುಡಿಯೊ ಪಾಲಾಯಿತು. ಸ್ಟುಡಿಯೊಗಳಲ್ಲಿ ಇವತ್ತಿಗೂ “ಬೇಡ” ಅನ್ನಲು ಈ ಹೆಸರನ್ನು ಎತ್ತುತ್ತಾರೆ. ತಮಾಷೆ ಅಂದರೆ ಮರುಎಡಿಟ್ ಆದ ಆ ಸಿನಿಮಾಗೆ 2012ರ ವೆನಿಸ್ ಉತ್ಸವದಲ್ಲಿ ಒಳ್ಳೆಯ ಮೆಚ್ಚುಗೆ ಸಿಕ್ಕಿತು. ಸಿನಿಮಾ ಚೆನ್ನಾಗಿರಬಹುದು, ನಿರ್ಮಾಪಕ ಮುಳುಗಲೂಬಹುದು. ಎರಡೂ ಒಟ್ಟಿಗೆ ನಿಜ.

ಇಷ್ಟು ದುಡ್ಡು ಸುರಿದರೂ ಗ್ರಾಫಿಕ್ಸ್ ಯಾಕೆ ಇಷ್ಟು ಕಳಪೆ?

ಗ್ರಾಫಿಕ್ಸ್ ಕಂಪನಿಗಳು ಹೆಚ್ಚಾಗಿ ಇಷ್ಟು ಶಾಟ್‌ಗೆ ಇಷ್ಟು ಅಂತ ಮೊದಲೇ ಮೊತ್ತ ಒಪ್ಪಿಕೊಂಡು ಕೆಲಸ ಹಿಡಿಯುತ್ತವೆ. ಆಮೇಲೆ ಸ್ಟುಡಿಯೊ ಮನಸ್ಸು ಬದಲಾಯಿಸಿದರೆ? ಖಳನಾಯಕನ ಕವಚ ಬೇರೆ ಬಣ್ಣ ಬೇಕು, ಹೊಡೆದಾಟ ರಾತ್ರಿ ಬೇಡ ಹಗಲಲ್ಲಿರಲಿ. ಮಾಡಿದ್ದೆಲ್ಲ ಮತ್ತೆ ಮಾಡಬೇಕು. ಹೆಚ್ಚಿನ ದುಡ್ಡು ಬರುವುದು ಅನುಮಾನ, ಡೇಟ್ ಅಂತೂ ಅಲ್ಲೇ ಇರುತ್ತದೆ. ಕಲಾವಿದರು ರಾತ್ರಿಯೆಲ್ಲ ಕೂರುತ್ತಾರೆ.

‘ಲೈಫ್ ಆಫ್ ಪೈ’ಯ ಹುಲಿಯನ್ನು ಮಾಡಿದ ರಿದಮ್ ಆ್ಯಂಡ್ ಹ್ಯೂಸ್ 2013ರ ಫೆಬ್ರವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಎರಡು ವಾರದೊಳಗೆ ಅದೇ ಕೆಲಸಕ್ಕೆ ಆಸ್ಕರ್ ಬಂತು. ವೇದಿಕೆಯಲ್ಲಿ ಗೆದ್ದವರು ಕಂಪನಿಯ ಕಷ್ಟ ಹೇಳತೊಡಗಿದಾಗ ‘ಜಾಸ್’ ಸಂಗೀತ ಹಾಕಿ ಮೈಕ್ ಬಂದ್ ಮಾಡಿದರು. ಹೊರಗೆ ಗ್ರಾಫಿಕ್ಸ್ ಕೆಲಸಗಾರರು ಪ್ರತಿಭಟನೆ ಮಾಡುತ್ತಿದ್ದರು. 2023ರ ಸೆಪ್ಟೆಂಬರ್‌ನಲ್ಲಿ ಮಾರ್ವೆಲ್‌ನ ಗ್ರಾಫಿಕ್ಸ್ ಸಿಬ್ಬಂದಿ ಸಂಘಕ್ಕೆ ಸೇರಲು ಒಮ್ಮತದಿಂದ ಮತ ಹಾಕಿದರು.

2019ರ ‘ಕ್ಯಾಟ್ಸ್’ ಇನ್ನೂ ವಿಚಿತ್ರ. ಬಿಡುಗಡೆಯಾದ ಮೇಲೆ ತಿದ್ದಿದ ಗ್ರಾಫಿಕ್ಸ್ ಇರುವ ಹೊಸ ಪ್ರತಿಯನ್ನು ಥಿಯೇಟರ್‌ಗಳಿಗೆ ಕಳಿಸಿದರು. ಅದೇ ವರ್ಷ ‘ಸಾನಿಕ್’ ಟ್ರೈಲರ್‌ನಲ್ಲಿ ನಾಯಕಪ್ರಾಣಿಯ ಮುಖ ನೋಡಿ ಜನ ಉಗಿದಾಗ, ನಿರ್ಮಾಪಕರು ಡೇಟನ್ನು ನವೆಂಬರ್‌ನಿಂದ ಮುಂದಿನ ಫೆಬ್ರವರಿಗೆ ಸರಿಸಿ ಮುಖ ಬದಲಿಸಿದರು. ಸಿನಿಮಾ ಗೆದ್ದಿತು, ಮುಂದಿನ ಭಾಗಗಳೂ ಬಂದವು. ಮೂರು ತಿಂಗಳು ಕಾದಿದ್ದಕ್ಕೆ ಸಿಕ್ಕ ಲಾಭ ಇದು.

ಕೊನೇ ಗಳಿಗೆಯಲ್ಲಿ ಎಲ್ಲ ಬದಲಿಸಿಯೂ ಗೆದ್ದವರಿಲ್ವಾ?

ಆ್ಯನಿಮೇಷನ್ ಸಂಸ್ಥೆ ಪಿಕ್ಸರ್‌ನ ‘ಟಾಯ್ ಸ್ಟೋರಿ 2’ ಇದೆ. ಕಥೆ ಸರಿಯಿಲ್ಲ ಅಂತ ಗೊತ್ತಾದಾಗ 1999ರ ಬಿಡುಗಡೆಗೆ ಉಳಿದಿದ್ದು ಸುಮಾರು ಒಂಬತ್ತು ತಿಂಗಳು. ಡೇಟ್ ಸರಿಸಲು ಆಗಲಿಲ್ಲ. ಬಹುಪಾಲು ಮತ್ತೆ ಮಾಡಿದರು, ಅದ್ಭುತವಾಗಿ ಬಂತು. ಆದರೆ ಬೆಲೆ ತೆತ್ತವರು ಯಾರು? ಸಿಬ್ಬಂದಿಯಲ್ಲಿ ಮೂರನೇ ಒಂದು ಭಾಗದಷ್ಟು ಜನರಿಗೆ ಕೈ, ಮಣಿಕಟ್ಟಿನ ನೋವು ಹಿಡಿಯಿತು ಎಂದು ಸಂಸ್ಥೆಯ ಎಡ್ ಕ್ಯಾಟ್ಮಲ್ ಅವರೇ ಬರೆದಿದ್ದಾರೆ. ಮತ್ತೆ ಹೀಗೆ ಮಾಡಬಾರದು ಅಂತಲೂ ಅವರು ತೀರ್ಮಾನಿಸಿದರು. “ನೋಡಿ, ಅವಸರದಲ್ಲೂ ಆಗುತ್ತೆ” ಅನ್ನುವವರು ಕಥೆಯ ಈ ಅರ್ಧ ಹೇಳುವುದಿಲ್ಲ.

ಒಟಿಟಿ ಬಂದ ಮೇಲೆ ಈ ಕಾಟ ತಪ್ಪಿತಲ್ಲ?

ಮೊದಲ ವಾರದ ಕಲೆಕ್ಷನ್ ಕಾಟ ಕಮ್ಮಿಯಾಯಿತು. ಬೇರೆ ಅಳತೆಕೋಲು ಬಂತು. 2020ರ ಆರಂಭದಲ್ಲಿ ನೆಟ್‌ಫ್ಲಿಕ್ಸ್ ಎರಡು ನಿಮಿಷ ನೋಡಿದರೂ ಒಂದು ವೀಕ್ಷಣೆ ಅಂತ ಲೆಕ್ಕ ಹಾಕತೊಡಗಿತು. ಆಮೇಲೆ ಒಟ್ಟು ಗಂಟೆಗಳ ಲೆಕ್ಕ. 2023ರಿಂದ ಒಟ್ಟು ಗಂಟೆಗಳನ್ನು ಸಿನಿಮಾದ ಅವಧಿಯಿಂದ ಭಾಗಿಸುವ ಲೆಕ್ಕ. ಅಳತೆ ಹೇಗಿದೆಯೋ ಬರವಣಿಗೆ ಹಾಗೆ ಬಾಗುತ್ತದೆ. ಎರಡೇ ನಿಮಿಷ ಲೆಕ್ಕಕ್ಕೆ ಬರುವುದಾದರೆ ಮೊದಲ ದೃಶ್ಯದಲ್ಲೇ ಹೆಣ ಬೀಳಬೇಕು.

ಮುಗಿದ ಸಿನಿಮಾವನ್ನೇ ತೋರಿಸದೇ ಇಡುತ್ತಾರಂತೆ, ನಿಜವಾ?

ನಿಜ. ವಾರ್ನರ್ ಬ್ರದರ್ಸ್ ಡಿಸ್ಕವರಿ 2022ರ ಆಗಸ್ಟ್‌ನಲ್ಲಿ ‘ಬ್ಯಾಟ್‌ಗರ್ಲ್’ ಚಿತ್ರವನ್ನು ಡಬ್ಬದಲ್ಲೇ ಇಟ್ಟಿತು. ಶೂಟಿಂಗ್ ಮುಗಿದು ಎಡಿಟಿಂಗ್ ನಡೆಯುತ್ತಿತ್ತು. ಖರ್ಚು ಸುಮಾರು 9 ಕೋಟಿ ಡಾಲರ್ ಎಂದು ವರದಿಯಾಗಿತ್ತು. ಬಿಡುಗಡೆ ಮಾಡುವುದಕ್ಕಿಂತ ನಷ್ಟ ಅಂತ ಬರೆದು ತೆರಿಗೆ ಉಳಿಸುವುದೇ ಲಾಭ ಅನ್ನುವ ಲೆಕ್ಕ ಇದರ ಹಿಂದಿತ್ತು ಎಂದು ಆಗ ವ್ಯಾಪಕವಾಗಿ ವರದಿಯಾಯಿತು. ಇದಕ್ಕಿಂತ ಅಲ್ಪಾವಧಿ ಲೆಕ್ಕ ನನಗಂತೂ ಗೊತ್ತಿಲ್ಲ.

ಹಳೇ ಕಾಲದಲ್ಲಿ ಹೀಗಿರಲಿಲ್ಲ ಅಲ್ವಾ?

ಇತ್ತು. 1924ರ ‘ಗ್ರೀಡ್’ ಎಂಬ ಮೂಕಿ ಚಿತ್ರದ ಮೊದಲ ರೂಪ ಎಂಟು ಗಂಟೆಗೂ ಜಾಸ್ತಿ ಇತ್ತು. ಸ್ಟುಡಿಯೊ ಅದನ್ನು ಎರಡೂವರೆ ಗಂಟೆಯೊಳಗೆ ತಂದಿತು. ಉಳಿದದ್ದು ಕಳೆದೇಹೋಯಿತು. (ಎಂಟು ಗಂಟೆ ಯಾರು ಕೂರುತ್ತಿದ್ದರು ಅನ್ನುವುದೂ ನ್ಯಾಯವಾದ ಪ್ರಶ್ನೆಯೇ.)

ನಿರ್ಮಾಪಕರು ಏನು ಮಾಡಬಹುದು?

ಮೊದಲ ಎಡಿಟ್ ನೋಡಿದ ಮೇಲೆ ಡೇಟ್ ಹೇಳುವುದು. ಅದು ಆಗದಿದ್ದರೆ ಬರಹಕ್ಕೆ ಮುಂಚೆಯೇ ಟೈಮ್ ಕೊಡುವುದು. ಸಿನಿಮಾದಲ್ಲಿ ಅತಿ ಅಗ್ಗದ ತಿಂಗಳುಗಳು ಅವು. ಮತ್ತೆ ಕೆಲವು ದಿನದ ಶೂಟಿಂಗಿಗೆ ಸ್ವಲ್ಪ ಹಣ ಎತ್ತಿಡುವುದು. 2012ರಲ್ಲಿ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ನಮೀಬಿಯಾದಲ್ಲಿ ಶೂಟ್ ಆಗುವಾಗ, ಖರ್ಚು ಮೀರುತ್ತಿದೆ ಎಂದು ಸ್ಟುಡಿಯೊ ದಿನ ಗೊತ್ತುಮಾಡಿ ನಿಲ್ಲಿಸಿತು. ಕಥೆ ಶುರುವಾಗುವ, ಮುಗಿಯುವ ಕೋಟೆಯ ದೃಶ್ಯಗಳೇ ಆಗಿರಲಿಲ್ಲ. ಮರುವರ್ಷ ಮತ್ತೆ ದುಡ್ಡು ಕೊಟ್ಟು ಆಸ್ಟ್ರೇಲಿಯಾದಲ್ಲಿ ತೆಗೆಸಿದರು. 2015ರಲ್ಲಿ ಬಿಡುಗಡೆಯಾಗಿ ಆರು ಆಸ್ಕರ್ ಗೆದ್ದಿತು. ಹಟ ಸಡಿಲಿಸದೇ ಹೋಗಿದ್ದರೆ ತಲೆಯೂ ಇಲ್ಲದ ಬಾಲವೂ ಇಲ್ಲದ ಸಿನಿಮಾ ಕೈಯಲ್ಲಿರುತ್ತಿತ್ತು.

ನೋಡುವಾಗ ಇದು ಅವಸರದ ಕೆಲಸ ಅಂತ ಹೇಗೆ ಗುರುತಿಸುವುದು?

ಮಾತಾಡುವವರ ಬೆನ್ನು ಕಾಣುವಾಗ ಕಥೆಗೆ ಬೇಕಾದ ಮಾಹಿತಿಯೆಲ್ಲ ಬಂದುಬಿಟ್ಟರೆ, ಅದು ಡಬ್ಬಿಂಗ್‌ನಲ್ಲಿ ಆಮೇಲೆ ತುಂಬಿದ್ದು ಅನ್ನಿಸಬೇಕು. ಮಹತ್ವದ ಪಾತ್ರವೊಂದು ಅರ್ಧದಲ್ಲಿ ಮಾಯವಾದರೆ ಅದರ ದೃಶ್ಯಗಳು ಎಡಿಟಿಂಗ್‌ನಲ್ಲಿ ಹೋಗಿವೆ. ಒಂದೇ ದೃಶ್ಯದಲ್ಲಿ ಕೂದಲಿನ ಉದ್ದ ಬದಲಾದರೆ ರೀಶೂಟ್. 2017ರ ‘ಜಸ್ಟೀಸ್ ಲೀಗ್’ ರೀಶೂಟ್ ಹೊತ್ತಿಗೆ ಸೂಪರ್‌ಮ್ಯಾನ್ ಪಾತ್ರದ ಹೆನ್ರಿ ಕ್ಯಾವಿಲ್ ಇನ್ನೊಂದು ಸ್ಟುಡಿಯೊದ ಸಿನಿಮಾಗಾಗಿ ಮೀಸೆ ಬಿಟ್ಟಿದ್ದರು. ಬೋಳಿಸಲು ಆ ಸ್ಟುಡಿಯೊ ಒಪ್ಪಲಿಲ್ಲ. ಡೇಟ್ ಸರಿಸಲು ಈ ಸ್ಟುಡಿಯೊ ಒಪ್ಪಲಿಲ್ಲ. ಕೊನೆಗೆ ಮೀಸೆಯನ್ನು ಕಂಪ್ಯೂಟರಿನಲ್ಲಿ ಅಳಿಸಿದರು. ಮೊದಲ ದೃಶ್ಯದಲ್ಲೇ ಅವರ ಮೇಲ್ತುಟಿ ಗಮನಿಸಿ.